ಪೋಡಿಯಂ ಕಂಡ ಮೊಣಕಾಲುಗಳು

ನಾನು ಒಂದು ಪೋಡಿಯಂ. ಭಾಷಣ ಮಾಡುವವರು ಕಾಗದ ಇಟ್ಟುಕೊಳ್ಳುವ, ಎದೆಯೆತ್ತರದ ಮರದ ಪೆಟ್ಟಿಗೆ. ಹುಬ್ಬಳ್ಳಿಯ ಮೌನೇಶಪ್ಪ ಬಡಿಗೇರ ನನ್ನನ್ನು ಸಾಗವಾನಿಯಲ್ಲಿ ಮಾಡಿ ವಾರ್ಡಿನ ಸಮುದಾಯ ಭವನಕ್ಕೆ ಕೊಟ್ಟರು. ಸಭಿಕರಿಗೆ ಭಾಷಣಕಾರರ ಮುಖ ಕಾಣುತ್ತದೆ, ನನಗೆ ಮೊಣಕಾಲು. ದೊಡ್ಡ ದೊಡ್ಡವರ ಕಾಲು ಗಡಗಡ ನಡುಗಿದ್ದನ್ನು ಕಂಡಿದ್ದೇನೆ, ಯಾರಿಗೂ ಹೇಳಿಲ್ಲ. ಆ ಬಗ್ಗೆ ನನಗೆ ಜಂಬವೂ ಇತ್ತು.

ಜಂಬ ಇಳಿಸಿದವರು ಕಸ್ತೂರಿ ಅಕ್ಕೋರು. ನಿವೃತ್ತ ಶಿಕ್ಷಕಿ, ಹೊರರಾಜ್ಯಗಳಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಭಾನುವಾರ ಭವನದಲ್ಲಿ ಕನ್ನಡ ಕಲಿಸುತ್ತಿದ್ದರು. ಮಾತು ಬಂದವರೂ ನಿಂತು ಮಾತಾಡುವಾಗ ನನ್ನ ಹಿಂದೆ ಅವಿತುಕೊಳ್ಳುವುದನ್ನು ನೋಡಿ, ಒಂದು ದಿನ ನನ್ನನ್ನು ಮೂಲೆಗೆ ತಳ್ಳಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಜಾರ್ಖಂಡಿನ ಸುಶೀಲಾ ತಿರ್ಕಿಯ ಕನ್ನಡ ಚೆನ್ನಾಗಿತ್ತು. ಎದ್ದು ನಿಂತರೆ ಮಾತ್ರ ಸೆರಗು ಬಾಯಿಗೆ, ಕಣ್ಣು ನೆಲಕ್ಕೆ. ಕೆಲಸದ ಹೊತ್ತಿನಲ್ಲಿ ಅವಳು ಎರಡು ವರ್ಷದ ಮಗನನ್ನು ಹಳೆಯ ಸೀರೆಯಿಂದ ಕಂಬಕ್ಕೆ ಕಟ್ಟುತ್ತಿದ್ದಳು. ಬಿಟ್ಟರೆ ಕಬ್ಬಿಣದ ಸರಳುಗಳತ್ತ ಓಡುತ್ತಿದ್ದ. ಕೆಲಸಗಾರರು ವಾಸವಿದ್ದ ಶೆಡ್ಡುಗಳ ಹತ್ತಿರ ಅಂಗನವಾಡಿ ಬೇಕೆಂದು ವಾರ್ಡ್ ಸಭೆಯಲ್ಲಿ ಅವಳು ಕೇಳಬೇಕಿತ್ತು.

"ತಲಿ ಮ್ಯಾಲ ಬಾಂಡ್ಲಿ ಹೊತ್ತಾಗ ಹೆಂಗ ನಿಲ್ತಿ? ಹಂಗ ನಿಂದ್ರು," ಅಂದರು ಅಕ್ಕೋರು.

ಕಾಂಕ್ರೀಟು ತುಂಬಿದ ಬಾಂಡ್ಲಿ ತಲೆಯ ಮೇಲಿದೆ ಎಂದುಕೊಂಡಳು ಸುಶೀಲಾ. ಕುತ್ತಿಗೆ ನೆಟ್ಟಗಾಯಿತು, ಕಣ್ಣು ಎದುರಿಗೆ ಬಂತು, ಪಾದಗಳು ಭದ್ರವಾಗಿ ಊರಿದವು. ಜೊತೆಗೆ ಬಲಗೈಯೂ ಮೇಲೇರಿ ಇಲ್ಲದ ಬಾಂಡ್ಲಿಯನ್ನು ಹಿಡಿದುಕೊಂಡಿತು. ತರಗತಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

"ನಗ್ಲಿ ಬಿಡು. ಕೈ ಇಳಸು, ಕುತ್ತಿಗಿ ಅಲ್ಲೇ ಇರ್ಲಿ."

ಸಭೆಯ ದಿನ ನನ್ನನ್ನು ಮತ್ತೆ ಮುಂದೆ ತಂದರು. ಸುಶೀಲಾ ಗಿಡ್ಡ ಹೆಂಗಸು, ತಲೆಯನ್ನೂ ತಗ್ಗಿಸಿದ್ದಳು. ನನ್ನ ಹಿಂದೆ ಅವಳ ಬೈತಲೆಯಷ್ಟೇ ಕಾಣುತ್ತಿತ್ತು. ಮೊಣಕಾಲು ನಡುಗುತ್ತಿತ್ತು. ಇಲ್ಲೇ ಇರು ತಾಯಿ, ನಾನು ಮುಚ್ಚಿಡುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅರ್ಜಿ ಬರದು ಕೊಟ್ಟು ಹೋಗವಾ," ಅಂದರು ಅಧ್ಯಕ್ಷರು.

ಸುಶೀಲಾ ನನ್ನನ್ನು ಬಿಟ್ಟು ಪಕ್ಕಕ್ಕೆ ಬಂದಳು. ಕೈ ತಲೆಗೆ ಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಕೈ ಇಳಿಯಿತು, ಕುತ್ತಿಗೆ ಇಳಿಯಲಿಲ್ಲ.

"ಅರ್ಜಿ ಮೂರು ಸಲ ಕೊಟ್ಟೀನ್ರಿ. ದಿನಾ ನನ್ನ ಮಗನ್ನ ಕಂಬಕ್ಕ ಕಟ್ತೀನಿ. ನಿಮ್ಮ ಮಕ್ಕಳನ್ನ ನೀವು ಕಟ್ತೀರೇನ್ರಿ?"

ಅಧ್ಯಕ್ಷರು ತಲೆ ತಗ್ಗಿಸಿ ಪೆನ್ನು ಹುಡುಕಿದರು.

ಮರುವರ್ಷ ಭವನಕ್ಕೆ ಗಾಜಿನ ಪೋಡಿಯಂ ಬಂತು. ಮುದಿಯಾದ ನನ್ನನ್ನು ಹೊಸ ಅಂಗನವಾಡಿಗೆ ಸಾಗಿಸಿದರು. ಹೊಟ್ಟೆಯೊಳಗೆ ಈಗ ಮಕ್ಕಳ ಊಟದ ತಟ್ಟೆಗಳಿವೆ. ಮನುಷ್ಯರನ್ನು ಮುಚ್ಚಿಡುವುದೇ ಉಪಕಾರ ಎಂದು ಬೀಗಿದ್ದು ನೆನೆದರೆ ನಾಚಿಕೆಯಾಗುತ್ತದೆ. ಹನ್ನೆರಡು ಹೊಡೆದರೆ ಸಾಕು, ಸುಶೀಲಾಳ ಮಗ ಎಲ್ಲರಿಗಿಂತ ಮೊದಲು ನನ್ನತ್ತ ಓಡಿ ಬರುತ್ತಾನೆ. ಅವನನ್ನು ಹಿಡಿದು ನಿಲ್ಲಿಸುವುದು ಟೀಚರಿಗೂ ಆಗುವುದಿಲ್ಲ.