ಗಂಟು ಹಾಕಿದ ತಂತಿಗಳು

ಬೋಟಿನ ಎಂಜಿನ್ ನಿಂತಿತ್ತು, ಕೀಲಿ ಜೇಬು ಸೇರಿತ್ತು, ಆದರೂ ವೋಲ್ಟ್ ಮೀಟರಿನ ಮುಳ್ಳು ಹದಿನಾಲ್ಕರ ಮೇಲೆ ಹಟ ಹಿಡಿದು ಕೂತಿತ್ತು. ಬ್ಯಾಟರಿ ತುಂಬಿದ್ದರೂ ಹದಿನಾಲ್ಕು, ಸತ್ತರೂ ಹದಿನಾಲ್ಕು. ಮುಳ್ಳು ಸುಳ್ಳು ಹೇಳುತ್ತಿದೆ ಎಂದು ಅವನಿಗೆ ತಿಂಗಳಿಂದ ಗೊತ್ತಿತ್ತು. ನಾಳೆ ನೋಡಿದರಾಯಿತು ಎಂದು ದಿನ ತಳ್ಳಿದ್ದ.

ಮಂಗಳವಾರ ಆ ಸುಳ್ಳು ಕೈಕೊಟ್ಟಿತು. ಆಚೆ ದಡದಲ್ಲಿ ಜನರನ್ನು ಇಳಿಸಿ ಖಾಲಿ ಬೋಟಿನಲ್ಲಿ ಬರುತ್ತಿದ್ದಾಗ ಪ್ರೊಪೆಲ್ಲರಿಗೆ ಹಗ್ಗದ ತುಂಡೊಂದು ಸುತ್ತಿಕೊಂಡಿತು. ಎಂಜಿನ್ ಆರಿಸಿ, ಹಗ್ಗ ಬಿಡಿಸಿ, ಮತ್ತೆ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟು ಬೇರೇನಿಲ್ಲ. ಬೆಲ್ಟು ಸಡಿಲವಾಗಿ ಎಷ್ಟೋ ದಿನಗಳಿಂದ ಬ್ಯಾಟರಿ ಚಾರ್ಜೇ ಆಗಿರಲಿಲ್ಲ. ಒಂದು ಗಂಟೆ ಹೊತ್ತು ಅಳಿವೆಯ ನಡುವೆ ನೀರು ಎಳೆದತ್ತ ತೇಲಿದ. ಎರಡು ಸಲ ಫೋನು ಹೊರತೆಗೆದು ಎರಡು ಸಲವೂ ಒಳಗಿಟ್ಟ. ಯಾರಿಗೆ ಮಾಡಬೇಕೆಂದು ಹೊಳೆಯಲಿಲ್ಲ. ಕೊನೆಗೆ ಮರಳಿನ ದೋಣಿಯವರು ಹಗ್ಗ ಎಸೆದು ಎಳೆದು ತಂದರು.

ಬೋಟು ಕಟ್ಟುವ ಧಕ್ಕೆಯಲ್ಲಿ ಅವನನ್ನು ಎಲ್ಲರೂ ಬಾಲ ಎನ್ನುತ್ತಿದ್ದರು. ಅಣ್ಣನ ಹಿಂದೆ ಹಿಂದೆಯೇ ತಿರುಗುತ್ತಿದ್ದ ಕಾಲದಲ್ಲಿ ಅಂಟಿಕೊಂಡ ಹೆಸರು. ಅಣ್ಣ ಬೋಟು ಬಿಟ್ಟು ಆರು ವರ್ಷವಾಗಿದ್ದರೂ ಹೆಸರು ಬಿಟ್ಟಿರಲಿಲ್ಲ.

"ಏನಪ್ಪಾ ಬಾಲ, ನಿನ್ನನ್ನ ಕರು ಎಳ್ಕೊಂಡು ಬಂದ ಹಾಗೆ ಎಳ್ಕೊಂಡು ಬಂದ್ರಂತೆ?" ಬಿಡಿಭಾಗದ ಅಂಗಡಿಯಾಕೆ ಕನ್ನಡಕದ ಮೇಲಿನಿಂದ ನೋಡಿದಳು.

"ವೋಲ್ಟ್ ಮೀಟರ್ ಕೊಡಕ್ಕ."

"ಹೋದ ತಿಂಗಳೇ ಹೇಳ್ಲಿಲ್ವಾ ನಾನು? ನಿನಗೆ ಹೇಳೋದೂ ಒಂದೇ, ಆ ಕಂಬಕ್ಕೆ ಹೇಳೋದೂ ಒಂದೇ. ತೂತು ಎಷ್ಟಿದೆ?"

"ಎರಡಿಂಚು."

"ಹಾಗಾದ್ರೆ ಇದು ಕೂರುತ್ತೆ. ನೋಡು, ಮೂರು ತಂತಿ. ಕೀಲಿಯಿಂದ ಬರೋದೊಂದು, ಅರ್ತಿಂಗ್ ಒಂದು, ಒಳಗಿನ ದೀಪಕ್ಕೊಂದು. ಅದಲು ಬದಲು ಮಾಡಿ ಫ್ಯೂಸ್ ಸುಟ್ಕೊಂಡು ನನ್ನ ಹತ್ರ ಬಂದು ಅಳ್ಬೇಡ." ಪೊಟ್ಟಣ ಕಟ್ಟುತ್ತಾ ದನಿ ತಗ್ಗಿಸಿದಳು. "ವೈರಿಂಗ್ ಎಲ್ಲಾ ನಿಮ್ಮಣ್ಣಂದೇ ಅಲ್ವಾ? ಒಂದು ಮಾತು ಕೇಳ್ಬಿಡು."

ಅವನು ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿ ಹೊರಬಂದ.

ಬೋಟಿನಲ್ಲಿ ಮೊದಲು ಬೆಲ್ಟು ಬಿಗಿದ. ಚಾರ್ಜು ಮಾಡಿಸಿ ತಂದ ಬ್ಯಾಟರಿಯನ್ನು ಜಾಗದಲ್ಲಿ ಕೂರಿಸಿದ, ಅದಕ್ಕೆ ತಂತಿ ಜೋಡಿಸಲಿಲ್ಲ. ಆಮೇಲೆ ಮೀಟರುಗಳ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಮುಂದಕ್ಕೆ ಬಾಗಿಸಿದ. ಹಿಂಬದಿಯ ನಟ್ಟುಗಳಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದು, ಒಮ್ಮೆ ಜಗ್ಗಿದ. ಮೀಟರು ಕೈಗೆ ಬಂತು, ಆದರೆ ಅದರ ಮೊಳೆಗಳು ಮುರಿದು ಮೂರು ತಂತಿಗಳೂ ಒಟ್ಟಿಗೇ ಕಳಚಿಕೊಂಡವು. ಯಾವುದು ಎಲ್ಲಿತ್ತೆಂದು ನೋಡಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ.

ಟಾರ್ಚು ಹಾಕಿದ. ಮೂರೂ ಕಪ್ಪು. ಹಲಗೆಯ ಹಿಂದಿದ್ದ ಅಷ್ಟೂ ತಂತಿಗಳು ಕಪ್ಪೇ. ಒಂದೊಂದರ ತುದಿಗೂ ಬಲೆ ಹೆಣೆಯುವ ದಾರ ಸುತ್ತಿ ಗಂಟು ಹಾಕಿತ್ತು. ಕೈಯಲ್ಲಿದ್ದ ಮೂರರಲ್ಲಿ ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು.

ಅವನು ಅಲ್ಲೇ ಕೂತುಬಿಟ್ಟ.

ಅಣ್ಣನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಲೈಸೆನ್ಸ್ ಕೊಟ್ಟ ಕಾಲದಲ್ಲಿ ಕಣ್ಣು ಪರೀಕ್ಷಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಸಂಜೆ ಅಳಿವೆಯ ಬಾಯಿಗೆ ಬಂದಾಗ ನೀರಿನ ಮೇಲೆ ದಾರಿ ತೋರಿಸುವ ದೀಪಗಳು ಹತ್ತಿರುತ್ತಿದ್ದವು. ಕೆಂಪು ಎಡಕ್ಕೆ, ಹಸಿರು ಬಲಕ್ಕೆ, ನಡುವೆ ದಾರಿ. ಅಣ್ಣ ತುಟಿ ಅಲ್ಲಾಡದ ಹಾಗೆ ಕೇಳುತ್ತಿದ್ದ, "ಯಾವ ಬಣ್ಣ?" ಪಕ್ಕದಲ್ಲಿ ನಿಂತ ತಮ್ಮ "ಕೆಂಪು" ಎನ್ನುತ್ತಿದ್ದ. "ಸರಿ" ಎಂದು ಅಣ್ಣ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಹದಿನೈದು ವರ್ಷ ಹೀಗೇ ನಡೆಯಿತು. ಅತ್ತಿಗೆಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬೋಟಿಗೆ ಜನ ಹೆಚ್ಚಾಯಿತು ಎಂದು ತಮ್ಮ ಹೇಳಹೋದದ್ದಕ್ಕೆ ಅಣ್ಣ ಎಲ್ಲರೆದುರು ನಕ್ಕ. "ಬಾಲಕ್ಕೆ ಬಾಯಿ ಯಾಕೋ?" ಬೋಟಿಗೆ ಬೋಟೇ ನಕ್ಕಿತು.

ಅಂದು ಸಂಜೆ ಅಣ್ಣ ಎಂದಿನಂತೆ ಕೇಳಿದ, "ಯಾವ ಬಣ್ಣ?" ತಮ್ಮ ನೀರು ನೋಡುತ್ತಾ ನಿಂತ. "ಲೋ, ಯಾವ ಬಣ್ಣ?" ಮೂರನೆಯ ಸಲ ಕೇಳಿದಾಗ ದನಿಯಲ್ಲಿ ಹೆದರಿಕೆಯಿತ್ತು. ಹತ್ತು ಎಣಿಸಿ ಬಾಯಿ ಬಿಡೋಣ ಎಂದು ತಮ್ಮ ಅಂದುಕೊಂಡಿದ್ದ. ಏಳಕ್ಕೆ ಬೋಟು ಬಂಡೆಗೆ ಬಡಿಯಿತು.

ಯಾರೂ ಸಾಯಲಿಲ್ಲ. ಒಬ್ಬರ ತೋಳು ಮುರಿಯಿತು. ವಿಚಾರಣೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು ತೋರಿಸಿದರು, ಲೈಸೆನ್ಸ್ ಹೋಯಿತು. ಮೂರು ಸಲ ಕೇಳಿದ್ದೆ ಎಂದು ಅಣ್ಣ ಅಲ್ಲಿ ಹೇಳಲಿಲ್ಲ. ಹೊರಗೆ ಬಂದು ಬೋಟಿನ ಕೀಲಿಯನ್ನು ತಮ್ಮನ ಅಂಗೈಯಲ್ಲಿಟ್ಟು ನಡೆದುಹೋದ. ಅಲ್ಲಿಂದೀಚೆಗೆ ಇಬ್ಬರ ನಡುವೆ ಮಾತಿಲ್ಲ.

ಸಾಮಾನಿನ ಪೆಟ್ಟಿಗೆಯಲ್ಲಿ, ತಂತಿಯಲ್ಲಿ ಕರೆಂಟು ಇದೆಯೇ ಎಂದು ತೋರಿಸುವ ಟೆಸ್ಟ್ ಲ್ಯಾಂಪ್ ಇತ್ತು. ಬ್ಯಾಟರಿ ಜೋಡಿಸಿ, ಲ್ಯಾಂಪಿನ ಒಂದು ತುದಿಯನ್ನು ಎಂಜಿನ್ನಿಗೆ ಕಚ್ಚಿಸಿ, ಇನ್ನೊಂದನ್ನು ತಂತಿಗಳಿಗೆ ಮುಟ್ಟಿಸಿದರೆ ಐದು ನಿಮಿಷದ ಕೆಲಸ. ಅವನು ಅದನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ಹಿಡಿದು ಕೂತಿದ್ದು, ಸೀಟಿನ ಮೇಲಿಟ್ಟು ಫೋನು ತೆಗೆದ.

"ಯಾರು?" ಅತ್ತಿಗೆಯ ದನಿ.

"ನಾನು, ಅತ್ತಿಗೆ."

ಆಚೆ ನಲ್ಲಿಯ ನೀರಿನ ಸದ್ದು ನಿಂತಿತು. "ಹುಷಾರಾಗಿದೀಯೇನೋ?"

"ಹೂಂ. ಅಣ್ಣ ಇದಾನಾ?"

ಅವಳು ನಡೆದುಹೋಗುವುದು ಕೇಳಿಸಿತು. ದೂರದಲ್ಲಿ, "ನಿಮ್ಮ ತಮ್ಮ. ತಗೊಳ್ಳಿ... ತಗೊಳ್ಳೀಂದ್ರೆ." ಆಮೇಲೆ ಉಸಿರಾಟ ಮಾತ್ರ.

"ವೋಲ್ಟ್ ಮೀಟರ್ ಬದಲಾಯಿಸ್ತಿದೀನಿ," ಎಂದ ಅವನು. "ತಂತಿ ಮೂರೂ ಬಿಟ್ಕೊಂಡ್ಬಿಡ್ತು. ಎಲ್ಲಾ ಕಪ್ಪು. ಗಂಟು ಇದೆ... ಒಂದು, ಎರಡು, ಮೂರು."

ಇನ್ನು ಫೋನು ಇಟ್ಟೇಬಿಡುತ್ತಾನೆ ಎನ್ನುವಷ್ಟರಲ್ಲಿ ಅಣ್ಣ ಕೇಳಿದ, "ಬ್ಯಾಟರಿ ಬಿಚ್ಚಿದೀಯಾ?"

"ಬಿಚ್ಚಿದೀನಿ."

"ಒಂದು ಅರ್ತಿಂಗ್. ಎರಡು ಕೀಲಿದು. ಮೂರು ದೀಪ. ನಟ್ಟು ಜಾಸ್ತಿ ಬಿಗೀಬೇಡ. ಈಗಿನವು ಪ್ಲಾಸ್ಟಿಕ್ಕು, ಒಡೆಯುತ್ತೆ."

ಅವನು ಫೋನಿನ ಸ್ಪೀಕರ್ ಹಾಕಿ ಸೀಟಿನ ಮೇಲಿಟ್ಟ. ಫೋನು ಕಟ್ ಮಾಡ್ಬೇಡ ಎಂದು ಅಣ್ಣನಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ತಂತಿಗಳಿಗೆ ಹೊಸ ತುದಿ ಒತ್ತಿದ, ದಾರ ಬಿಚ್ಚಲಿಲ್ಲ. ಮೀಟರನ್ನು ತೂತಿನಲ್ಲಿ ಕೂರಿಸಿ, ಪಟ್ಟಿ ಹಾಕಿ, ನಟ್ಟುಗಳನ್ನು ಬೆರಳಿನಲ್ಲೇ ಬಿಗಿದ. ಫೋನಿನಿಂದ ಒಮ್ಮೆ ಕುರ್ಚಿ ಎಳೆದ ಸದ್ದು, ಒಮ್ಮೆ ಕೆಮ್ಮು. ಕೆಲಸ ಬೇಗ ಮುಗಿಯದಿರಲಿ ಎಂದು ಅವನು ಒಂದೊಂದು ನಟ್ಟನ್ನೂ ಎರಡೆರಡು ಸಲ ಮುಟ್ಟಿ ನೋಡಿದ.

ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದ. ಮುಳ್ಳು ನಡುಗಿ ಮೇಲೆದ್ದು ನಿಂತಿತು.

"ಹನ್ನೆರಡೂವರೆ," ಎಂದ.

"ಎಂಜಿನ್ ಹಾಕು."

ಎಂಜಿನ್ ಹತ್ತಿತು. ಮುಳ್ಳು ಮೆಲ್ಲನೆ ಏರಿ ಹದಿನಾಲ್ಕಕ್ಕೆ ಬಂತು. ಅದೇ ಹದಿನಾಲ್ಕು. ಈ ಸಲ ನಡೆದು ಬಂದಿತ್ತು.

"ಹದಿನಾಲ್ಕು."

"ಹೂಂ. ದೀಪ?"

ಸ್ವಿಚ್ಚು ಒತ್ತಿದ. "ಹತ್ತಿತು."

ಖಾಲಿ ಸೀಟುಗಳು ಎಂಜಿನ್ನಿನ ಸದ್ದಿಗೆ ಸಣ್ಣಗೆ ಅದುರುತ್ತಿದ್ದವು. ಆಗ ಫೋನಿನಿಂದ, ತುಟಿ ಅಲ್ಲಾಡದವನ ದನಿಯಲ್ಲಿ:

"ಯಾವ ಬಣ್ಣ?"

ಅವನು ಒಂದೂ ಎಣಿಸಲಿಲ್ಲ. "ಹಸಿರು," ಎಂದ.

"ಸರಿ."

ಫೋನು ಇಟ್ಟ ಸದ್ದು ಕೇಳಿಸಿತು. ಅವನು ಎಂಜಿನ್ ಆರಿಸದೆ, ಆ ಹಸಿರು ಬೆಳಕು ಕೈಮೇಲೆ ಬೀಳುವಷ್ಟು ಹತ್ತಿರ ಸರಿದು, ಹಾಗೇ ಕೂತಿದ್ದ.