ಐದನೆಯ ಬಾಗಿಲು

೧೯೯೪ರಲ್ಲಿ ನಾನು ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕ್ಲಾಸು ಅಂದರೆ ತಂಬಾಕಿನ ವಖಾರಿಯ ಮೇಲೆ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಗೋಡೆಗೊಂದು ಲಕ್ಷ್ಮಿಯ ಕ್ಯಾಲೆಂಡರು. ಕೆಳಗಿನ ತಂಬಾಕಿನ ಘಾಟು ಮೇಲಕ್ಕೇ ಬರುತ್ತಿತ್ತು. ನನ್ನ ಹುಡುಗರು ಬೇಸಿಕ್ ಪ್ರೋಗ್ರಾಮಿಂಗ್ ಕಲಿತದ್ದಕ್ಕಿಂತ ಸೀನಿದ್ದೇ ಹೆಚ್ಚು. ಅವರನ್ನು ಹಿಡಿದಿಡಲು ನಾನೇ ಒಂದು ಆಟ ಬರೆದೆ. ಚಿತ್ರಗಿತ್ರ ಏನೂ ಇಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಅಷ್ಟೇ. ಭಾಷೆ ಕನ್ನಡ, ಲಿಪಿ ಇಂಗ್ಲಿಷ್, ಏಕೆಂದರೆ ಆ ಮಶೀನಿಗೆ ನಮ್ಮ ಅಕ್ಷರ ಬರುತ್ತಿರಲಿಲ್ಲ.

ಯಾವುದೋ ದೂರದ ಗ್ರಹ. ಕಬ್ಬಿಣದ ಕೋಣೆಯಲ್ಲಿ ಒಬ್ಬನಿಗೆ ಎಚ್ಚರವಾಗುತ್ತದೆ. ಅವನು ಅರ್ಧ ಮನುಷ್ಯ, ಅರ್ಧ ಯಂತ್ರ. ಬಲಗೈ ಉಕ್ಕಿನದು. ತಾನು ಯಾರು, ತನ್ನ ಕೈ ಹೇಗೆ ಹೋಯಿತು, ಇಲ್ಲಿ ತನ್ನನ್ನು ಕೂಡಿಹಾಕಿದವರು ಯಾರು, ಒಂದೂ ನೆನಪಿಲ್ಲ. ಐದು ಬಾಗಿಲು ದಾಟಿದರೆ ಬಿಡುಗಡೆ. ಅವನು ಏನು ಮಾಡಬೇಕೆಂದು ಆಡುವವನು ಟೈಪ್ ಮಾಡಬೇಕು, ಆಮೇಲೆ ಏನಾಯಿತೆಂದು ಕಂಪ್ಯೂಟರ್ ಹೇಳುತ್ತದೆ. ನಾಲ್ಕು ಬಾಗಿಲುಗಳನ್ನು ಹುಡುಗರು ವಾರದೊಳಗೆ ದಾಟಿದರು. ಐದನೆಯದು ಮಾತ್ರ ಯಾರಿಗೂ ತೆರೆಯಲಿಲ್ಲ. ಅಲ್ಲಿ ಬಾಗಿಲೇ ಕೇಳುತ್ತದೆ: ನಿನ್ನ ಕೈ ಹೋಗಲು ಕಾರಣ ಯಾರು? ಹೆಸರು ಹೇಳು.

ಹುಡುಗರು ಎಲ್ಲ ಹೆಸರನ್ನೂ ಹಾಕಿ ನೋಡಿದರು. ರಾಕ್ಷಸರು, ಮಂತ್ರಿಗಳು, ಕಾಲೇಜಿನ ಗಣಿತದ ಮಾಸ್ತರು. ನಾನು ಹಲ್ಲು ಕಿಸಿದು ಕೂತಿರುತ್ತಿದ್ದೆ. ಉತ್ತರ ಲಗಮಣ್ಣ ಎಂದಾಗಿತ್ತು. ಅದು ನನ್ನ ಹೆಸರು. ಅವರಿಗೆ ನಾನು ಬರೀ ಪಾಟೀಲ ಸರ್ ಆದ್ದರಿಂದ ಆ ಹೆಸರು ಯಾರಿಗೂ ಹೊಳೆಯಲಿಲ್ಲ. ಯಾರಿಗೂ ಹೊಳೆಯದ ಜಾಗದಲ್ಲಿ ತಪ್ಪೊಪ್ಪಿಕೊಂಡು, ನಾನು ದೊಡ್ಡ ಪ್ರಾಮಾಣಿಕ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಎಂಟು ವರ್ಷ ಹಿಂದಿನ ಮಾತು ಹೇಳಬೇಕು. ಚಿಕ್ಕೋಡಿ ರಸ್ತೆಯ ನಮ್ಮ ಹಳ್ಳಿಯಲ್ಲಿ ನಮ್ಮಪ್ಪ ಮುರಗೆಪ್ಪ ಪಾಟೀಲರದು ಬೆಲ್ಲದ ಗಾಣ. ನನಗೆ ಆಗ ಇಪ್ಪತ್ತು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ಗಾಣದ ಮೋಟರು ನೋಡಿಕೊಳ್ಳುವುದು ನನ್ನ ಕೆಲಸ. ಉರುಳೆಗಳಿಗೆ ಕಬ್ಬು ಕೊಡುವುದು ಭರಮುವಿನ ಕೆಲಸ. ಅವನು ನಮ್ಮಪ್ಪನಿಗಿಂತ ಸ್ವಲ್ಪ ಚಿಕ್ಕವ, ನಾನು ಅವನನ್ನು ಕಾಕಾ ಅನ್ನುತ್ತಿದ್ದೆ.

ಆ ಕಾಲದ ಕರೆಂಟು ಗೊತ್ತಲ್ಲ. ಹೋದರೆ ಮೋಟರು ನಿಲ್ಲುತ್ತದೆ. ಮತ್ತೆ ಬಂದಾಗ ಯಾರಾದರೂ ಎದ್ದು ಹೋಗಿ ಸ್ಟಾರ್ಟರಿನ ಹಸಿರು ಬಟನ್ ಒತ್ತಬೇಕು. ದಿನಕ್ಕೆ ಹತ್ತು ಸಲ ಏಳುವವರು ಯಾರು? ನಮ್ಮ ಕಡೆ ಎಲ್ಲರೂ ಮಾಡುವ ಉಪಾಯವನ್ನೇ ನಾನೂ ಮಾಡಿದೆ. ಬಟನ್ ಒತ್ತಿ, ಅದು ಮೇಲೇಳದಂತೆ ಸಂದಿಗೆ ಒಂದು ಜಾಲಿಯ ಚಕ್ಕೆ ಸಿಗಿಸಿಟ್ಟೆ. ಕರೆಂಟು ಬಂದೊಡನೆ ಮೋಟರು ತಾನೇ ಶುರು. ಬಾವಿಯ ಪಂಪಿಗೆ ಹೀಗೆ ಮಾಡಿದರೆ ನಡೆಯುತ್ತದೆ. ಬಾವಿಯೊಳಗೆ ಯಾರೂ ಕೈ ಇಟ್ಟಿರುವುದಿಲ್ಲ.

ಆವತ್ತು ಉಳಿದವರು ಊಟಕ್ಕೆ ಹೋಗಿದ್ದರು. ಕರೆಂಟು ಹೋದಾಗ ಉರುಳೆಗಳ ನಡುವೆ ಕಬ್ಬಿನ ಸಿಪ್ಪೆ ಸಿಕ್ಕಿಕೊಂಡಿತ್ತು. ಭರಮಕಾಕಾ ಅದನ್ನು ಬಿಡಿಸಲು ಹೋದ. ಹೋಗುವ ಮೊದಲು ನನ್ನತ್ತ ಕೂಗಿ, ಬಟನ್ ಬಿಟ್ಟಿದೆಯೇನೋ, ಮೋಟರು ಬಂದ್ ಇದೆಯೇನೋ ಎಂದು ಕೇಳಿದ. ನಾನು ಒಣ ಸಿಪ್ಪೆಯ ಗುಡ್ಡೆಯ ಮೇಲೆ ಅಂಗಾತ ಮಲಗಿ ಟ್ರಾನ್ಸಿಸ್ಟರ್ ಕೇಳುತ್ತಿದ್ದೆ. ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಹೂಂ ಅಂದೆ.

ಕರೆಂಟು ಬಂತು. ಅವನ ಕೂಗು ಕೇಳಿ ನಾನು ಓಡಿದೆ, ಆದರೆ ಅವನ ಕಡೆಗಲ್ಲ. ಮೊದಲು ಸ್ಟಾರ್ಟರಿನ ಹತ್ತಿರ ಓಡಿ, ಚಕ್ಕೆ ಕಿತ್ತು, ಮೋಟರು ನಿಲ್ಲಿಸಿ, ಆ ಚಕ್ಕೆಯನ್ನು ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಎಸೆದೆ. ಅದು ಬೆಂಕಿ ಹಿಡಿದದ್ದನ್ನು ನೋಡಿಕೊಂಡು ಆಮೇಲೆ ಅವನ ಹತ್ತಿರ ಹೋದೆ. ಈ ಒಂದು ಸಂಗತಿಯನ್ನು ನಾನು ಆಟದಲ್ಲೂ ಬರೆದಿರಲಿಲ್ಲ.

ಮಿರಜದ ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಳಕೈವರೆಗೆ ತೆಗೆದರು. ಬೀಳುವಾಗ ಗಾಣದ ಚೌಕಟ್ಟು ತಲೆಗೆ ಬಡಿದು ಆ ಇಡೀ ದಿನ ಅವನ ನೆನಪಿನಿಂದ ಅಳಿಸಿಹೋಗಿತ್ತು. ಸಂಜೆ ಒಂದಿಷ್ಟು ಕುಡಿಯುವ ರೂಢಿ ಅವನಿಗಿತ್ತು. ಕುಡಿದು, ನಡೆಯುತ್ತಿದ್ದ ಗಾಣಕ್ಕೆ ಕೈ ಹಾಕಿದ ಎಂದು ನಮ್ಮಪ್ಪ ಹೇಳಿದರು. ಊರು ನಂಬಿತು, ಅವನ ಹೆಂಡತಿ ಕಾಶಿಬಾಯಿ ನಂಬಿದಳು, ಕೊನೆಗೆ ಅವನೂ ನಂಬಿದ. ನಾನು ಸುಮ್ಮನಿದ್ದೆ. ಆಮೇಲೆ ಅವನಿಗೆ ಚರ್ಮದ ಪಟ್ಟಿ, ಕಬ್ಬಿಣದ ಕೊಕ್ಕೆ ಇರುವ ಕೈ ಬಂತು. ಕುಡಿತ ಬಿಟ್ಟ. ಕಾಶಿಬಾಯಿ ಬೀಡಿ ಕಟ್ಟಿ ಮನೆ ನಡೆಸಿದಳು. ಅವನೊಂದಿಗೆ ಮಾತು ಕಡಿಮೆ ಮಾಡಿದಳು.

ಇನ್ನೊಂದು ಪದ್ಧತಿಯೂ ಶುರುವಾಯಿತು. ಪ್ರತಿ ವರ್ಷ ದೀಪಾವಳಿಯ ನಂತರ ಗಾಣದ ಪೂಜೆಯ ದಿನ ನಮ್ಮಪ್ಪ ಅವನನ್ನು ಕರೆಸಿ, ಹೊಸ ಆಳುಗಳ ಮುಂದೆ ನಿಲ್ಲಿಸುತ್ತಿದ್ದರು. ಅವನು ಕೊಕ್ಕೆ ಎತ್ತಿ ತೋರಿಸಿ, ನಾನು ಕುಡಿದಿದ್ದೆ, ನನ್ನ ತಪ್ಪಿನಿಂದ ಕೈ ಕಳಕೊಂಡೆ, ನೀವು ಹಾಗೆ ಮಾಡಬೇಡಿ ಎಂದು ಹೇಳಬೇಕು. ಹೇಳಿದ ಮೇಲೆ ಅವನಿಗೊಂದು ಟವೆಲ್ಲು, ತೆಂಗಿನಕಾಯಿ. ಎಂಟು ವರ್ಷ ಅವನು ಹೇಳಿದ, ಎಂಟು ವರ್ಷ ನಾನು ಪ್ರಸಾದ ಹಂಚುತ್ತ ಕೇಳಿದೆ.

ಹೆಂಡತಿ ಕಟ್ಟಿದ ಬೀಡಿ ಒಪ್ಪಿಸಿ, ಬೀಡಿ ಎಲೆ, ತಂಬಾಕು ಒಯ್ಯಲು ಭರಮಕಾಕಾ ವಾರಕ್ಕೊಮ್ಮೆ ನಿಪ್ಪಾಣಿಯ ಅದೇ ವಖಾರಿಗೆ ಬರುತ್ತಿದ್ದ. ನನ್ನ ವಿದ್ಯಾರ್ಥಿ ಕಾಕಾಸಾಹೇಬ, ಶೇಡಬಾಳದ ಹುಡುಗ, ಒಂದು ದಿನ ಮೆಟ್ಟಿಲ ಕೆಳಗೆ ಅವನ ಕೈ ನೋಡಿ ಆಟದ ಸುದ್ದಿ ಹೇಳಿಬಿಟ್ಟ. ಭರಮಕಾಕಾ ಮೇಲೆ ಹತ್ತಿ ಬಂದು ಬಾಗಿಲಲ್ಲಿ ನಿಂತ.

"ತಮ್ಮಾ, ನಿನ್ನ ಮಶೀನಿನ್ಯಾಗ ನನ್ನಂಥಾವ ಒಬ್ಬ ಅದಾನಂತ. ತೋರಸ್ ನೋಡೂಣು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಮಶೀನು ಕೆಟ್ಟಿದೆ ಅಂದೆ. ಕಾಕಾಸಾಹೇಬ ಅಷ್ಟರಲ್ಲಿ ಚಾಲು ಮಾಡಿ ಕುರ್ಚಿ ಎಳೆದು ಕೊಟ್ಟಿದ್ದ. ಈ ಬುದ್ಧಿವಂತ ಹುಡುಗರಿಂದ ಜಗತ್ತಿಗೆ ಯಾವ ಉಪಕಾರ ಆಗಿದೆಯೋ ನಾನರಿಯೆ.

ಕಾಕಾನಿಗೆ ಕನ್ನಡ ಮರಾಠಿ ಎರಡೂ ಓದಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲೆ ಬಂದದ್ದನ್ನು ನಾನು ಓದಿ ಹೇಳಬೇಕು, ಅವನು ಹೇಳಿದ್ದನ್ನು ನಾನೇ ಒತ್ತಬೇಕು. ಕೈ ಹೇಗೆ ಹೋಯಿತೆಂದು ಅವನಿಗೆ ನೆನಪಿಲ್ಲ ಎಂದು ನಾನು ಓದಿದಾಗ ಕಾಕಾ ಪರದೆಯ ಹತ್ತಿರ ಬಾಗಿದ. ಪಾಪ, ಅವನದೂ ನನ್ನಂಗೇ ಅಂದ.

ಮೂರನೆಯ ಬಾಗಿಲಿನಲ್ಲಿ ಒಂದು ಯಂತ್ರ ಸಿಕ್ಕಿಹಾಕಿಕೊಂಡು ದಾರಿ ಮುಚ್ಚಿರುತ್ತದೆ. ಹುಡುಗರೆಲ್ಲ ಅಲ್ಲಿ ತಟಕ್ಕನೆ ಉಕ್ಕಿನ ಕೈ ಹಾಕಿ ಜಗ್ಗು ಎಂದು ಟೈಪ್ ಮಾಡುತ್ತಿದ್ದರು. ನಾನು ಬರೆದದ್ದೂ ಹಾಗೆಯೇ. ಕಾಕಾ ಒಪ್ಪಲಿಲ್ಲ.

"ಮೊದಲ ಕರೆಂಟ್ ಬಂದ್ ಐತೇನ ಕೇಳಂತ ಹೇಳು ಅವಗ."

ಅವನು ಒಬ್ಬನೇ ಇದ್ದಾನೆ, ಯಾರನ್ನು ಕೇಳುವುದು ಅಂದೆ ನಾನು.

"ಮಶೀನ್ ಇದ್ದಲ್ಲಿ ಯಾರರೆ ಇರ್ತಾರ. ಕೇಳದ ಕೈ ಹಾಕಬಾರ್ದು."

ಆಟದಲ್ಲಿ ಕೇಳಲು ಯಾರನ್ನೂ ನಾನು ಇಟ್ಟಿರಲಿಲ್ಲ. ಕೇಳಿದ, ಬಂದ್ ಐತಿ ಅಂದರು ಎಂದು ಬಾಯಿಗೆ ಬಂದದ್ದು ಹೇಳಿ ಮುಂದಕ್ಕೆ ದಾಟಿಸಿದೆ. ಎರಡನೆಯ ಸಲವೂ ನಾನು ಅವನಿಗೆ ಅದೇ ಸುಳ್ಳನ್ನು ಹೇಳಿದ್ದೆ.

ಐದನೆಯ ಬಾಗಿಲು ಬಂತು. ಪ್ರಶ್ನೆ ಓದಿ ಹೇಳಿದೆ. ಕಾಕಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ, ಈ ಹೆಸರು ನಾನೇ ಒತ್ತುತ್ತೇನೆ, ಅಕ್ಷರ ತೋರಿಸು ಅಂದ. ನಾನು ಒಂದೊಂದೇ ತೋರಿಸಿದೆ, ಅವನು ಕೊಕ್ಕೆಯ ತುದಿಯಿಂದ ಒಂದೊಂದೇ ಒತ್ತಿದ. ಭರಮು. ತನ್ನದೇ ಹೆಸರು.

ಪರದೆಯ ಮೇಲೆ ಬಂತು: ತಪ್ಪು. ಬಾಗಿಲು ತೆರೆಯಲಿಲ್ಲ.

ಏನು ಬಂತು ಎಂಬಂತೆ ಕಾಕಾ ನನ್ನ ಮುಖ ನೋಡಿದ. ತಪ್ಪು ಅಂದರೆ ಇನ್ನೊಂದು ಹೆಸರು ಒತ್ತುತ್ತಾನೆ, ಮತ್ತೊಂದು ಒತ್ತುತ್ತಾನೆ, ಕೊನೆಗೆ ಹಾಗಾದರೆ ಯಾರು ಎಂದು ನನ್ನನ್ನೇ ಕೇಳುತ್ತಾನೆ. ಇದೆಲ್ಲ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು.

"ತೆರೀತು ಕಾಕಾ. ಬಾಗಿಲ ತೆರೀತು."

ಅವನು ಹೌದೆಂಬಂತೆ ತಲೆ ಆಡಿಸಿದ. ಮುಖ ಸಣ್ಣದಾಯಿತು, ಆದರೂ ನಗಲು ನೋಡಿದ.

"ನಾನ ಹೌದಲ್ಲ ಮತ್ತ. ಒಂದ ಸಂಶೆ ಇತ್ತು ತಮ್ಮಾ. ಕೇಳದ ಎಂದೂ ಕೈ ಹಾಕ್ದಾವಲ್ಲ ನಾ. ಅವತ್ತ ಯಾಕ ಕೇಳಲಿಲ್ಲೋ ಅಂತ ಮನಸಿನ್ಯಾಗ ಕೊರೀತಿತ್ತು. ಹೋಗ್ಲಿ, ಇವತ್ತಿಗಿ ಮುಗೀತು."

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಹಿಂದೆ ನಿಂತಿದ್ದ ಕಾಕಾಸಾಹೇಬ ಮೆಲ್ಲಗೆ ಕೇಳಿದ.

"ಸರ್, ಅಲ್ಲಿ ತಪ್ಪು ಅಂತ ಬಂದಿತ್ತಲ್ರಿ?"

ನಿನ್ನ ಕೆಲಸ ನೀನು ನೋಡಿಕೋ ಎಂದು ಗದರಿಸಿದೆ. ಹುಡುಗ ತನ್ನ ಮಶೀನಿಗೆ ಹೋಗಿ ಕೂತ, ಆದರೆ ನನ್ನ ಕಡೆ ನೋಡುವುದನ್ನು ಬಿಡಲಿಲ್ಲ. ಪರದೆಯ ಮೇಲೆ ಹಸಿರು ಅಕ್ಷರ ಹಾಗೇ ಇತ್ತು. ಎಂಟು ವರ್ಷ ಅವನಿಗೆ ಉಳಿದಿದ್ದ ಒಂದೇ ಆಸ್ತಿ ಆ ಸಂಶಯ. ಇವತ್ತು ಅದನ್ನೂ ಕಿತ್ತುಕೊಂಡು ಬೆಂಕಿಗೆ ಹಾಕಿದ್ದೆ.

ಚಪ್ಪಲಿ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಕಾಕಾ ಕಲ್ಲುಬೆಂಚಿನ ಮೇಲೆ ಬೀಡಿ ಎಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಜಾಲಿಯ ಚಕ್ಕೆ, ಟ್ರಾನ್ಸಿಸ್ಟರ್, ಬೆಂಕಿ, ಇವತ್ತಿನ ಸುಳ್ಳು. ಅವನ ಮುಖ ನೋಡಲಾಗದೆ ಎದುರಿನ ಕಬ್ಬಿನ ರಸದಂಗಡಿಯ ಕಡೆ ನೋಡುತ್ತ ಹೇಳಿದೆ. ಚಿಕ್ಕೋಡಿಯ ಬಸ್ಸು ಬಂತು, ಅವನು ಏಳಲಿಲ್ಲ. ಬಸ್ಸು ಹೋಯಿತು.

"ನಾ ಕೇಳಿದ್ನೇನು?" ಅಂದ ಕೊನೆಗೆ.

"ಕೇಳಿದ್ದಿ ಕಾಕಾ. ನಾ ಹೂಂ ಅಂದ್ನಿ."

"ಕೇಳಿದ್ದೆ," ಎಂದು ತನಗೆ ತಾನೇ ಅಂದುಕೊಂಡ. ಇನ್ನೊಮ್ಮೆ ಅಂದುಕೊಂಡ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಕಾಲು ಮುಟ್ಟಲು ಬಾಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಕಾಲ ಹಿಡಿಯೂದ ಬ್ಯಾಡ. ಈ ವರ್ಷ ಗಾಣದ ಪೂಜಾ ದಿನ ನಾ ಮಾತಾಡಂಗಿಲ್ಲ. ನೀ ಮಾತಾಡು."

ಮುಂದಿನ ಬಸ್ಸು ಬಂತು. ಈ ಸಲ ಹತ್ತಿ ಕೂತ, ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಪೂಜೆಗೆ ಇನ್ನೂ ಮೂರು ವಾರ ಇತ್ತು. ಆ ಮೂರು ವಾರದಲ್ಲಿ ನನಗೆ ಬೆಳಗಾವಿಯಲ್ಲಿ ಕೆಲಸ ಬಂದಂತೆ, ಜ್ವರ ಬಂದಂತೆ, ಯಾರೋ ಸತ್ತಂತೆ ಏನೇನು ನೆಪ ಕಟ್ಟಿ ನೋಡಿದೆನೋ ಲೆಕ್ಕವಿಲ್ಲ. ಕೊನೆಗೆ ಹೋದೆ. ಹೋದದ್ದಕ್ಕೆ ಧೈರ್ಯ ಕಾರಣವಲ್ಲ. ಹೋಗದಿದ್ದರೆ ಕಾಕಾ ಮತ್ತೆ ಎದ್ದು ನಿಂತು ಆ ಹಳೆಯ ಮಾತನ್ನೇ ಹೇಳಬೇಕಾಗಿ ಬಂದರೆ ಎಂಬ ಭಯ.

ಗಾಣಕ್ಕೆ ಸುಣ್ಣ ಬಳಿದು, ಉರುಳೆಗಳಿಗೆ ಕುಂಕುಮ ಹಚ್ಚಿ, ಐದು ಕಬ್ಬು ನಿಲ್ಲಿಸಿ ಕಟ್ಟಿದ್ದರು. ಸ್ಟಾರ್ಟರಿನ ಪೆಟ್ಟಿಗೆಗೂ ಹೂವು ಏರಿಸಿದ್ದರು. ಆಳುಗಳು ನೆಲದ ಮೇಲೆ ಕೂತಿದ್ದರು, ಹಿಂದೆ ಗೋಡೆಗೆ ಒರಗಿ ಹೆಂಗಸರು. ಮಂಗಳಾರತಿಯಾದ ಮೇಲೆ ನಮ್ಮಪ್ಪ ಕುರ್ಚಿಯಿಂದಲೇ, ಹೇಳಪಾ ಭರಮು, ಅಂದರು. ಭರಮಕಾಕಾ ಏಳಲಿಲ್ಲ. ಕೊಕ್ಕೆ ಎತ್ತಿ ನನ್ನ ಕಡೆ ತೋರಿಸಿದ.

ನಾನು ಪ್ರಸಾದದ ತಾಟು ಕೆಳಗಿಟ್ಟು ಎದ್ದು ನಿಂತೆ. ಕಾಕಾ ಕುಡಿದಿರಲಿಲ್ಲ, ಕೇಳಿಯೇ ಕೈ ಹಾಕಿದ, ಬಟನ್ನಿಗೆ ಚಕ್ಕೆ ಸಿಗಿಸಿದವನು ನಾನು, ಸುಳ್ಳು ಹೇಳಿದವನು ನಾನು ಎಂದೆ. ಎಂದೆ ಅನ್ನುವುದಕ್ಕಿಂತ ತುಟಿ ಅಲ್ಲಾಡಿಸಿದೆ ಅನ್ನಬೇಕು. ಮುಂದೆ ಕೂತ ನಾಲ್ಕು ಜನ ತಲೆ ಎತ್ತಿದರು. ನಮ್ಮಪ್ಪನ ಕೈ ಕುರ್ಚಿಯ ಹಿಡಿಯ ಮೇಲೆ ಬಿಗಿಯಾಯಿತು, ಸಾಕು ಕುಂದರಲೇ ಅಂದರು. ನನಗೂ ಅದೇ ಬೇಕಾಗಿತ್ತು, ಕೂರಲು ಮೊಣಕಾಲು ಬಗ್ಗಿಸಿಯೂ ಆಗಿತ್ತು.

ಆಗ ಭರಮಕಾಕಾ ಬಾಯಿ ತೆರೆದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಕಾಶಿಬಾಯಿ ಹಿಂದ ಕುಂತಾಳ. ಆಕಿಗಿ ಕೇಳಿಸಲಿಲ್ಲ. ಇನ್ನೊಮ್ಮಿ ಹೇಳು, ಹೆಸರ ಹಚ್ಚಿ ಹೇಳು."

ಗೋಡೆಯ ಹತ್ತಿರ ಕಾಶಿಬಾಯಿ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೂತಿದ್ದಳು. ನಾನು ಮತ್ತೆ ನೆಟ್ಟಗೆ ನಿಂತೆ. ಆಕೆಯ ಕಡೆ ತಿರುಗಿ, ಮೊದಲು ನನ್ನ ಹೆಸರು ಹೇಳಿದೆ.