ಮೂರನೆಯ ಹಾಳೆ

ಬೆಳಗಿನಿಂದ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ಮೂರು ಸಲ ನೀರು ಕುಡಿದೆ, ಬಾಯಾರಿಕೆಗಲ್ಲ. ಇವತ್ತು ಭಾವನ ಗ್ರಹದ ತೀರ್ಪು.

ಭಾವ, ಅಂದರೆ ಅಕ್ಕನ ಗಂಡ, ಇದೇ ವೀಕ್ಷಣಾಲಯದ ಸಂಶೋಧಕ. ದೂರದ ನಕ್ಷತ್ರವೊಂದರ ಬೆಳಕು ಮೂರು ದಿನಕ್ಕೊಮ್ಮೆ ತುಸು ಕುಗ್ಗುವುದನ್ನು ಕಂಡು, ಗ್ರಹ ಅಡ್ಡ ಹಾಯುತ್ತಿದೆ ಎಂದು ಎರಡು ವರ್ಷದಿಂದ ಅದನ್ನೇ ಜಪಿಸುತ್ತಿದ್ದಾರೆ. ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ತಿಂಗಳ ಕೊನೆಗೆ ಗಂಟುಮೂಟೆ. "ಏನಾಯ್ತೇ?" ಎಂದು ಅಕ್ಕ ಫೋನಿನಲ್ಲಿ ಆಗಲೇ ಎರಡು ಸಲ ನನ್ನ ಪ್ರಾಣ ತಿಂದಿದ್ದಾಳೆ.

ತೀರ್ಪಿನ ಹಾಳೆ ತಯಾರಿಸುವವಳು ನಾನು. ಈ ಸಲ ತೀರ್ಪಿಗೆ ಬಂದ ನಾಲ್ಕಾರು ನಕ್ಷತ್ರಗಳಲ್ಲಿ ಪ್ರತಿಯೊಂದರ ಗುರುತು, ತಂದವರ ಹೆಸರು ಎರಡನ್ನೂ ಮುಚ್ಚಿ, ತೀರ್ಪು ಬರೆಯಲು ಇಲ್ಲಿಯ ಮೂವರು ಸಂಶೋಧಕರಿಗೆ ಹಂಚಬೇಕು. ಭಾವ ಬೆಳಕು ಕುಗ್ಗಿದ ಆ ತಗ್ಗುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಸರಾಸರಿ ಮಾಡಿಯೇ ನೋಡುತ್ತಿದ್ದರು. ನಮ್ಮ ಹಾಳೆಯಲ್ಲಿ ಒಂದು, ಮೂರು, ಐದನೆಯವು ಎಡಕ್ಕೆ. ಎರಡು, ನಾಲ್ಕು, ಆರನೆಯವು ಬಲಕ್ಕೆ. ಹಾಗೆ ಬಿಡಿಸಿ ಇಟ್ಟು ನೋಡಿದೆ. ಎಡಗಡೆಯ ತಗ್ಗು ಆಳ, ಬಲಗಡೆಯದು ಅಷ್ಟಿಲ್ಲ. ಗ್ರಹವಾದರೆ ಪ್ರತಿ ಸಲವೂ ಅಷ್ಟೇ ಬೆಳಕು ಮುಚ್ಚಬೇಕು. ಇವು ಸುತ್ತುತ್ತ ಒಂದನ್ನೊಂದು ಮರೆಮಾಡುವ ಎರಡು ನಕ್ಷತ್ರಗಳು. ಪಕ್ಕದ ಮೂರನೆಯದೊಂದರ ಬೆಳಕು ಬೆರೆತು, ತಗ್ಗು ಗ್ರಹದಷ್ಟೇ ಚಿಕ್ಕದಾಗಿ ಕಂಡಿರಬೇಕು. ಮೂರೂ ಸೇರಿ ಭಾವನಿಗೆ ಟೋಪಿ ಹಾಕಿದ್ದವು.

ಯಾರಿಗೆ ಕೊಡಬೇಕೆಂದು ಚೀಟಿ ಎತ್ತಿದರೆ ಮೂರನೆಯ ಹೆಸರು ಭಾವನದೇ! ನಿಯಮದಂತೆ ಬೇರೆ ಎತ್ತಬೇಕಿತ್ತು. ಎತ್ತಲಿಲ್ಲ. ತಪ್ಪೇ, ಒಪ್ಪುತ್ತೇನೆ. ಮೂವರಲ್ಲಿ ಒಬ್ಬರು ಗ್ರಹ ಎಂದರೂ ಕೆಲಸಕ್ಕೆ ಇನ್ನೊಂದು ವರ್ಷ ಕೊಡುತ್ತಾರೆ. ಭಾವನಿಗೆ ತಮ್ಮ ಕೂಸಿನ ಗುರುತು ಹತ್ತದೆ ಇರುತ್ತದೆಯೇ ಎಂದುಕೊಂಡೆ.

ಮಧ್ಯಾಹ್ನದ ಸಭೆಯಲ್ಲಿ ಮುಖ್ಯಸ್ಥೆ ಹಾಳೆಗಳನ್ನು ಬಿಡಿಸಿದರು.

"ಮೂವರೂ ಜೋಡಿ ನಕ್ಷತ್ರ ಅಂತಲೇ ಬರೆದಿದ್ದಾರೆ. ಮೂರನೇ ಹಾಳೇಲಿ ಇನ್ನೂ ಒಂದು ಮಾತಿದೆ, ಕೇಳಿ: ‘ಇದನ್ನು ತಂದ ಪುಣ್ಯಾತ್ಮರಿಗೆ ಕಣ್ಣಿಲ್ಲವೇ?’"

ಎಲ್ಲರೂ ನಕ್ಕರು, ಭಾವ ಎಲ್ಲರಿಗಿಂತ ಜೋರಾಗಿ. ನನಗೆ ಎದ್ದು ಓಡಿಹೋಗಬೇಕೆನಿಸಿತು.

"ಯಾರದು ಮೇಡಂ ಅದು?" ಎಂದರು ಭಾವ.

ಮುಖ್ಯಸ್ಥೆ ತಂದವರ ಹೆಸರಿನ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಕಿತ್ತರು. ಹೆಸರನ್ನು ಓದದೆ ಹಾಳೆಯನ್ನೇ ಅವರತ್ತ ತಳ್ಳಿದರು.

ಭಾವ ಬಹಳ ಹೊತ್ತು ನೋಡಿದರು, ಮೊದಲು ಹೆಸರನ್ನು, ಆಮೇಲೆ ಕೆಳಗಿದ್ದ ತಮ್ಮದೇ ಅಕ್ಷರವನ್ನು. ಒಂದು ಸಲ ನನ್ನತ್ತ ತಿರುಗಿದರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ.

"ಬರೆದಿರೋದ್ರಲ್ಲಿ ತಪ್ಪೇನಿಲ್ಲ ಮೇಡಂ," ಎಂದರು. "ಮುಂದಿನ ಹಾಳೆ ತೆಗೀರಿ."